ಬುಧವಾರದ ಉಣುಗು ಬೇಟೆ

ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಖಾಲಿ ಸೈಟಿನ ಹತ್ತಿರ ಸಂಜೆ ಆರೂವರೆಗೆ ನಾಯಿ ಹಿಡಿದುಕೊಂಡು ಐದಾರು ಜನ ಸೇರುತ್ತೇವೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿಲ್ಲ. ಬ್ರೂನೋ ಅಮ್ಮ, ಸಿಂಬನ ಅಪ್ಪ, ನಾನು ಚಿಕ್ಕಿ ಅಮ್ಮ, ಅಷ್ಟೇ. ಶನಿವಾರ ಭಾನುವಾರ ಎಲ್ಲರಿಗೂ ಊರು, ನೆಂಟರು, ಮದುವೆ. ಮಾತು ಉದ್ದ ಹೋಗುವುದು ಬುಧವಾರವೇ. ಯಾರ ನಾಯಿಗೆ ಬೇಧಿ, ಚಿಕನ್ ರೇಟ್ ಎಷ್ಟಾಯಿತು, ಲಿಫ್ಟಿನಲ್ಲಿ ನಾಯಿ ತರಬೇಡಿ ಅಂದವರು ಯಾವ ಫ್ಲೋರಿನವರು, ಇದೆಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ಸುಮ್ನೆ ನಾಯಿ ಕಿವಿ ಮಡಚಿ ನೋಡಿ "ಅಯ್ಯೋ, ಇಲ್ಲೊಂದಿದೆ" ಅನ್ನುತ್ತಾರೆ. ಅಲ್ಲಿಂದ ಉಣುಗಿನ ಪುರಾಣ ಶುರು.

ಇಲ್ಲಿ ಎಲ್ಲರೂ ಟಿಕ್ಸ್ ಅನ್ನುತ್ತಾರೆ, ಕೆಲವರು ಉಣ್ಣೆ ಅನ್ನುತ್ತಾರೆ. ನಮ್ಮದು ತೀರ್ಥಹಳ್ಳಿ ಕಡೆ, ಹಾಗಾಗಿ ನನಗೆ ಉಣುಗೇ. ಎರಡು ವರ್ಷದ ಹಿಂದೆ ಇದೇ ಹುಳದಿಂದ ಚಿಕ್ಕಿಯನ್ನು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆ. ಆಮೇಲೆ ಕಲಿತದ್ದನ್ನು ಪ್ರತಿ ಬುಧವಾರ ಯಾರಿಗಾದರೂ ಹೇಳುತ್ತಲೇ ಇರುತ್ತೇನೆ. ಒಂದು ಸಲ ಬರೆದುಬಿಟ್ಟರೆ ಗಂಟಲಿಗಾದರೂ ರಜೆ ಸಿಗುತ್ತದೆ.

ಮೊದಲು ಶತ್ರು ಯಾರು ಅಂತ ನೋಡಿ. ಪೇಟೆ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಕಂದು ಬಣ್ಣದ ನಾಯಿ ಉಣುಗು. ಅಡುಗೆಮನೆ ಡಬ್ಬಿಗಳ ಲೆಕ್ಕದಲ್ಲಿ ಹೇಳುತ್ತೇನೆ, ಮರೆಯುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಗಸಗಸೆಗಿಂತ ಸಣ್ಣದು, ಆರೇ ಕಾಲು. ರಕ್ತ ಕುಡಿದು, ಉದುರಿ, ಪೊರೆ ಬಿಟ್ಟರೆ ರಾಗಿ ಕಾಳಿನಷ್ಟು, ಈಗ ಎಂಟು ಕಾಲು. ಇನ್ನೊಂದು ಸಲ ಕುಡಿದು, ಉದುರಿ, ಪೊರೆ ಬಿಟ್ಟರೆ ಎಳ್ಳಿನಷ್ಟು. ಆಮೇಲೆ ಹೆಣ್ಣು ಮತ್ತೆ ನಾಯಿ ಹತ್ತಿ ಒಂದು ವಾರ ಹೊಟ್ಟೆ ತುಂಬ ಕುಡಿದರೆ ಬೂದು ಬಣ್ಣ ತಿರುಗಿ ಥೇಟ್ ಹರಳು ಬೀಜ. ಸುಮ್ನೆ ಹೋಲಿಕೆ ಅಲ್ಲ ಇದು, ಲ್ಯಾಟಿನ್‌ನಲ್ಲಿ ಹರಳು ಗಿಡಕ್ಕೆ ಹೆಸರಿಟ್ಟವರೂ ಉಣುಗಿನ ಹೆಸರನ್ನೇ ಇಟ್ಟಿದ್ದಾರೆ. ಆ ಬೂದು ದಪ್ಪದ್ದರ ಪಕ್ಕದಲ್ಲೇ ಚಪ್ಪಟೆ ಕಂದು ಹುಳ ಅಂಟಿಕೊಂಡಿದ್ದರೆ ಅದು ಗಂಡು. ಅದು ಊದುವುದಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ಆ "ಉದುರಿ" ಅನ್ನುವ ಮಾತು. ಪ್ರತಿ ಹಂತದಲ್ಲೂ ಅದು ನಾಯಿಯಿಂದ ಕೆಳಗೆ ಬೀಳುತ್ತದೆ. ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ನಿಮ್ಮ ಗೋಡೆಗೆ. ಬಿರುಕು, ಸ್ಕರ್ಟಿಂಗ್ ಸಂದಿ, ಕಿಟಕಿ ಚೌಕಟ್ಟು, ಸೋಫಾ ಹೊಟ್ಟೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ, ನಾಲ್ಕು ಸಾವಿರದವರೆಗೂ ಹೋಗಬಹುದು. ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಕಾಯುವ ತಾಕತ್ತೂ ಅದಕ್ಕಿದೆ. ಅಂದರೆ ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಮನೆಯಲ್ಲಿ ಇರುವುದೇ ಜಾಸ್ತಿ. ನಾನು ಆರು ತಿಂಗಳು ನಾಯಿಯನ್ನೇ ತಿಕ್ಕಿದೆ, ಮನೆ ಕಡೆ ತಿರುಗಿಯೂ ನೋಡಲಿಲ್ಲ. ಒಂದು ದಿನ ಹಾಲ್‌ನಲ್ಲಿ ಧೂಳು ಹೊಡೆಯೋಣ ಅಂತ ತಾತನ ಫೋಟೋ ತೆಗೆದೆ. ಫ್ರೇಮ್ ಹಿಂದಿನ ರಟ್ಟಿಗೂ ಗೋಡೆಗೂ ನಡುವೆ ಬೂದು ದಪ್ಪದ್ದು ನಾಲ್ಕು ಕೂತಿದ್ದವು, ಒಂದರ ಮುಂದೆ ಕಂದು ಮೊಟ್ಟೆಗಳ ರಾಶಿ, ಹುರಿದ ರವೆ ಸುರಿದ ಹಾಗೆ. ಉಣುಗು ಮೇಲಕ್ಕೆ ಹತ್ತುವ ಹುಳ ಅಂತ ನನಗೆ ಗೊತ್ತಾದದ್ದು ಅವತ್ತು.

ಈಗ ಕೆಲಸ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ, ನಮ್ಮದು ಬುಧವಾರ ರಾತ್ರಿ. ಊಟಕ್ಕೆ ಮುಂಚೆ ಮಾಡಿ, ಹಸಿದ ನಾಯಿ ಹೇಳಿದ ಮಾತು ಕೇಳುತ್ತದೆ. ಬೇಕಾದದ್ದು ತುದಿ ಚೂಪಿರುವ ಚಿಮಟ, ಫೋನಿನ ಟಾರ್ಚ್, ಮುಚ್ಚಳ ಇರುವ ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಅಥವಾ ಗಟ್ಟಿ ಸೋಪಿನ ನೀರು, ಹಳೆಯ ಬಿಳಿ ಬೆಡ್‌ಶೀಟು. ಬಿಳಿ ಯಾಕೆಂದರೆ ಉದುರಿದ್ದು ಕಾಣಬೇಕು. ಕೈಗೆ ಗ್ಲೌಸ್ ಇದ್ದರೆ ಒಳ್ಳೆಯದು. ಬ್ರೂನೋ ಅಮ್ಮ ತಟ್ಟೆಗೆ ಮೊಸರು ಬಳಿದು ಫ್ರೀಜರಿನಲ್ಲಿಟ್ಟು ಕೊಡುತ್ತಾರೆ, ಅವನು ಅದನ್ನು ನೆಕ್ಕಿ ಮುಗಿಸುವುದರೊಳಗೆ ಇವರ ಕೆಲಸ ಮುಗಿದಿರುತ್ತದೆ. ನಾನೂ ಅದನ್ನೇ ಕಾಪಿ ಹೊಡೆದಿದ್ದೇನೆ.

ಮೂಗಿನಿಂದ ಬಾಲದ ಕಡೆಗೆ ಹೋಗಿ, ಕಣ್ಣಿಗಿಂತ ಬೆರಳನ್ನು ಜಾಸ್ತಿ ನಂಬಿ. ಕೂದಲಿನ ಎದುರು ದಿಕ್ಕಿಗೆ ಬೆರಳಾಡಿಸಿದರೆ ಸಣ್ಣ ಗಂಟು ಸಿಕ್ಕೇ ಸಿಗುತ್ತದೆ. ಕಣ್ಣಿನ ರೆಪ್ಪೆ, ತುಟಿ ಅಂಚು, ಬೆಲ್ಟಿನ ಅಡಿ (ಬೆಲ್ಟ್ ಬಿಚ್ಚಿ ನೋಡಿ, ಮೇಲಿಂದ ಮೇಲೆ ತಡವಿದರೆ ಸಾಲದು), ಮುಂಗಾಲಿನ ಕಂಕುಳು, ತೊಡೆ ಸಂದಿ, ಬಾಲದ ಬುಡ. ಕಿವಿಗೆ ಮಾತ್ರ ಸಮಯ ಕೊಡಿ. ಕಿವಿಯ ಹೊರ ಅಂಚಿನಲ್ಲಿ ಬುಡದ ಹತ್ತಿರ ಚರ್ಮದ ಒಂದು ಪುಟ್ಟ ಜೇಬು ಇರುತ್ತದೆ, ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ. ಆ ಜೇಬನ್ನು ಹೆಬ್ಬೆರಳಿನಿಂದ ಬಿಡಿಸಿ ಟಾರ್ಚ್ ಹಾಕಿ. ಅದಾದ ಮೇಲೆ ಪಾದ. ಬೆರಳುಗಳ ನಡುವೆ, ಅಂಗಾಲಿನ ಮೆತ್ತೆಗಳ ಸಂದಿಯಲ್ಲಿ. ನಾಯಿ ಒಂದೇ ಪಾದವನ್ನು ಪದೇಪದೇ ನೆಕ್ಕುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.

ಕೀಳುವ ಮುಂಚೆ ಕಾಲು ಇದೆಯಾ ನೋಡಿ. ತಮಾಷೆ ಅಲ್ಲ. ಸಿಂಬನ ಅಪ್ಪ ಮೊದಲ ವಾರ ಭಾರೀ ಉತ್ಸಾಹದಲ್ಲಿ ಸಿಂಬನ ಮೊಲೆತೊಟ್ಟನ್ನೇ ಚಿಮಟದಲ್ಲಿ ಹಿಡಿದಿದ್ದರು. ಗಂಡು ನಾಯಿಗೂ ಇರುತ್ತದೆ ಸ್ವಾಮಿ. ನರುಲಿಯನ್ನೂ ಉಣುಗು ಅಂದುಕೊಂಡು ಎಳೆದವರಿದ್ದಾರೆ. ಕಾಲು ಕಂಡರೆ ಮಾತ್ರ ಕೈ ಹಾಕಿ.

ಹಿಡಿಯುವುದು ಹುಳದ ಹೊಟ್ಟೆಯನ್ನಲ್ಲ, ತಲೆಯನ್ನು. ಚಿಮಟದ ತುದಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹೋಗಿ, ಹಿಡಿದು, ನೇರವಾಗಿ ಮೇಲಕ್ಕೆ ನಿಧಾನಕ್ಕೆ ಎಳೆಯಿರಿ. ಜಟ್ ಅಂತ ಕೀಳಬೇಡಿ, ತಿರುಚಬೇಡಿ. ಚರ್ಮ ಡೇರೆಯ ಹಾಗೆ ಸ್ವಲ್ಪ ಮೇಲೇಳುತ್ತದೆ, ಎರಡು ಮೂರು ಸೆಕೆಂಡ್ ಹಾಗೇ ಎಳೆದು ಹಿಡಿದರೆ ಬಿಟ್ಟುಕೊಳ್ಳುತ್ತದೆ. ಕೊಕ್ಕೆ ಥರದ ಪ್ಲಾಸ್ಟಿಕ್ ಸಾಧನ ಸಿಗುತ್ತದೆ, ತಿರುಗಿಸಬೇಕಾದದ್ದು ಅದನ್ನು ಮಾತ್ರ. ಬಾಯಿಯ ತುಂಡು ಒಳಗೇ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಮುಳ್ಳಿನ ಹಾಗೆ ತಾನಾಗಿ ಹೊರಗೆ ಬರುತ್ತದೆ. ಜಾಗ ತೊಳೆದು ಸ್ವಲ್ಪ ಪೊವಿಡೋನ್ ಅಯೋಡಿನ್ ಹಚ್ಚಿ. ಸಣ್ಣ ಬೊಕ್ಕೆ ಕೆಲವು ದಿನ ಇರುತ್ತದೆ, ಗಾಬರಿ ಬೇಡ. ಕಿತ್ತ ಹುಳ ಬಾಟಲಿಗೆ ಹೋಗಬೇಕು. ಉಗುರಿನಲ್ಲಿ ಒತ್ತಿ ಟಪ್ ಅನ್ನಿಸುವುದರಲ್ಲಿ ಒಂಥರಾ ಸಮಾಧಾನ ಇದೆ, ಗೊತ್ತು, ನಾನೂ ಮಾಡಿದ್ದೇನೆ. ಆದರೆ ಅದರೊಳಗಿನ ರಕ್ತ ನಿಮ್ಮ ಕೈಯ ಗಾಯಕ್ಕೆ ತಾಗುವುದು ಬೇಡ.

ಮನೆಮದ್ದಿನ ಬಗ್ಗೆ ನನ್ನನ್ನು ಕೇಳಿದರೆ ಕೋಪ ಬರುತ್ತದೆ, ಯಾಕೆಂದರೆ ನಾನೂ ಮೋಸ ಹೋದವಳು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ ಅಂದರು, ಹಚ್ಚಿದೆ. ಚಿಕ್ಕಿ ರಾತ್ರಿಯಿಡೀ ಅದನ್ನು ನೆಕ್ಕಿ ಬೆಳಿಗ್ಗೆ ವಾಂತಿ. ಕರ್ಪೂರ ನಾಯಿಗೆ ವಿಷ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಬೆಂಕಿಕಡ್ಡಿ ತಾಗಿಸಿದರೆ ಹುಳಕ್ಕಿಂತ ಮುಂಚೆ ನಾಯಿ ಓಡುತ್ತದೆ. ಇನ್ನು ಕೆಲವರು ಹಸುಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ ತಂದು ಅಂದಾಜಿಗೆ ಚುಚ್ಚಿಸುತ್ತಾರೆ. ಕೋಲಿ ಥರದ ತಳಿಗಳಲ್ಲಿ ಅದು ಮಿದುಳಿಗೇ ಹೋಗಿ ಜೀವ ತೆಗೆಯಬಹುದು.

ಔಷಧಿ ಬೇಕೇ ಬೇಕು, ಆದರೆ ಡಾಕ್ಟರ್ ತೂಕ ನೋಡಿ ಕೊಟ್ಟದ್ದು. ಅಗಿಯುವ ಮಾತ್ರೆಗಳಲ್ಲಿ ಅಫಾಕ್ಸೊಲಾನರ್ ಇರುವುದು ತಿಂಗಳಿಗೊಮ್ಮೆ, ಫ್ಲುರಾಲಾನರ್ ಇರುವುದು ಸುಮಾರು ಮೂರು ತಿಂಗಳಿಗೊಮ್ಮೆ. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಮೊದಲೇ ಹೇಳಿ, ಈ ಗುಂಪಿನ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಹುಳ ಕಂಡರೆ "ದುಡ್ಡು ದಂಡ" ಅಂತ ಬೈಯಬೇಡಿ. ಮಾತ್ರೆ ಇರುವುದು ರಕ್ತದಲ್ಲಿ, ಹುಳ ಕಚ್ಚಿದರೆ ತಾನೆ ಸಾಯುವುದು. ಮನೆಯಿಂದ ಹತ್ತುತ್ತಲೇ ಇರುತ್ತವೆ, ಸಾಯುತ್ತಲೇ ಇರುತ್ತವೆ. ಕುತ್ತಿಗೆ ಹಿಂದೆ ಹಾಕುವ ಫಿಪ್ರೊನಿಲ್ ಹನಿ ಆದರೆ ಕೂದಲು ಸೀಳಿ ಚರ್ಮದ ಮೇಲೇ ಬಿಡಿ, ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ಮನೆಯಲ್ಲಿ ಬೆಕ್ಕು ಇದೆಯಾ? ಹಾಗಾದರೆ ಪರ್ಮೆಥ್ರಿನ್ ಇರುವ ನಾಯಿ ಔಷಧಿ ಹತ್ತಿರವೂ ತರಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಮನೆ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಇಡಿ. ವ್ಯಾಕ್ಯೂಮ್ ಇದ್ದರೆ ಗೋಡೆ ಬುಡ, ಸೋಫಾ ಅಡಿ, ಮಂಚದ ಕೀಲು, ಫೋಟೋಗಳ ಹಿಂದೆ ಎಲ್ಲ ಎಳೆದು, ಆ ಕಸವನ್ನು ಕವರಿಗೆ ಕಟ್ಟಿ ಅವತ್ತೇ ಹೊರಗೆ ಹಾಕಿ. ನಾಯಿ ಹಾಸಿಗೆ ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ. ಬಿರುಕುಗಳಿಗೆ ವೈಟ್ ಸಿಮೆಂಟ್ ಮೆತ್ತಿ, ನೂರು ರೂಪಾಯಿ ಒಳಗಿನ ಕೆಲಸ, ಪರಿಣಾಮ ಮಾತ್ರ ಭಾರೀ. ಪೆಸ್ಟ್ ಕಂಟ್ರೋಲ್ ಕರೆಸಿದರೆ ನಾಯಿ ಇದೆ, ಮೀನಿನ ತೊಟ್ಟಿ ಇದೆ ಅಂತ ಮೊದಲೇ ಹೇಳಿ, ಒಣಗುವವರೆಗೆ ಯಾರೂ ಒಳಗೆ ಬೇಡ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆ ಒಡೆಯಲು ವಾರಗಳು ಬೇಕು. ಮೂರು ನಾಲ್ಕು ತಿಂಗಳು ಪಟ್ಟು ಬಿಡಬೇಡಿ.

ಊರಿಗೆ ನಾಯಿ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಮಲೆನಾಡಿನ ಕಾಡಿನ ಉಣುಗು ಬೇರೆ, ಅದು ಮಂಗನ ಕಾಯಿಲೆ ಹರಡುವ ಜಾತಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ಈಗಲೂ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಆ ಕಡೆ ಭಯ ಇದ್ದೇ ಇದೆ. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಕೂತು ಹುಳ ಮನೆಗೆ ಬರಬಹುದು. ತೋಟದಿಂದ ಬಂದ ಕೂಡಲೇ ಅಂಗಳದಲ್ಲೇ ಮೈ ನೋಡಿ, ನಿಮ್ಮ ಮೈಯನ್ನೂ ನೋಡಿಕೊಳ್ಳಿ.

ಇನ್ನು ಡಾಕ್ಟರ ಹತ್ತಿರ ಯಾವಾಗ ಓಡಬೇಕು? ಚಿಕ್ಕಿ ಒಂದು ಸಂಜೆ ವಾಕಿಂಗ್ ಅರ್ಧಕ್ಕೆ ಕೂತುಬಿಟ್ಟಳು. ಸೆಖೆ ಅಂದುಕೊಂಡೆ. ಮರುದಿನ ಮೊಟ್ಟೆ ಕೊಟ್ಟರೂ ಮೂಸಲಿಲ್ಲ. ಮೂರನೇ ದಿನ ಮೂಗಿನಿಂದ ಎರಡು ಹನಿ ರಕ್ತ ಬಿಳಿ ಟೈಲ್ಸ್ ಮೇಲೆ ಬಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38 ಸಾವಿರ, ಎರಡು ಲಕ್ಷಕ್ಕಿಂತ ಹೆಚ್ಚಿರಬೇಕಾದದ್ದು. ಎರ್ಲಿಕಿಯಾ, ಅಂದರೆ ಟಿಕ್ ಫೀವರ್. ಹುಳ ಕಚ್ಚಿ ಒಂದರಿಂದ ಮೂರು ವಾರದ ಮೇಲೆ ಕಾಣಿಸಿಕೊಳ್ಳುವ ಜ್ವರ ಇದು, ಅಷ್ಟರಲ್ಲಿ ಹುಳ ಉದುರಿ ಹೋಗಿರುತ್ತದೆ, ಹಾಗಾಗಿ "ಈಗ ಮೈಮೇಲೆ ಒಂದೂ ಇಲ್ಲ" ಅನ್ನುವುದು ಸಮಾಧಾನಕ್ಕೆ ಕಾರಣವೇ ಅಲ್ಲ. ಊಟ ಬಿಟ್ಟರೆ, ಮೈ ಸುಡುತ್ತಿದ್ದರೆ, ಒಸಡು ಬಿಳಿಚಿದರೆ, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ ಎದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ (ಇದು ಬಬೇಸಿಯಾ ಅನ್ನುವ, ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆ ಇರಬಹುದು) ಅವತ್ತೇ ಹೋಗಿ. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಅದು ಇನ್ನೊಂದು ವಿಷ. ನಮಗೆ ಡಾಕ್ಸಿಸೈಕ್ಲಿನ್ 28 ದಿನಕ್ಕೆ ಬರೆದುಕೊಟ್ಟರು. ನಾಲ್ಕನೇ ದಿನಕ್ಕೇ ಚಿಕ್ಕಿ ಚಪ್ಪಲಿ ಕದಿಯುವಷ್ಟು ಹುಷಾರಾದಳು, ಆದರೂ ಅಷ್ಟೂ ದಿನ ಮಾತ್ರೆ ಹಾಕಿದೆವು. ಮಧ್ಯದಲ್ಲಿ ನಿಲ್ಲಿಸಿದರೆ ಜ್ವರ ಒಳಗೇ ಅಡಗಿ ಮತ್ತೆ ಏಳಬಹುದು.

ಕೊನೆಯದು ಲೆಕ್ಕ. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪ್ರತಿ ಬುಧವಾರದ ಚೌಕದಲ್ಲಿ ಎಷ್ಟು ಸಿಕ್ಕಿತು ಅಂತ ಬರೆಯಿರಿ. ಔಷಧಿ ಹಿಡಿಯುತ್ತಿದೆಯಾ ಇಲ್ಲವಾ ಅನ್ನುವುದು ಅಲ್ಲೇ ತಿಳಿಯುತ್ತದೆ. ಗೋಡೆ ಕೆಲಸ ಮಾಡುವ ಮುಂಚೆ ನಮ್ಮ ಚೌಕದಲ್ಲಿ 23 ಇತ್ತು, ಆಮೇಲೆ 14, 15, 6, 2. ಹೋದ ಬುಧವಾರ ಸೊನ್ನೆ ಅಂತ ಬೀಗಿಕೊಂಡು ಹೇಳಿದೆ. ಸಿಂಬನ ಅಪ್ಪ ನಂಬಲಿಲ್ಲ. ಅಲ್ಲೇ ಮಂಡಿಯೂರಿ ಕೂತು, ಟಾರ್ಚ್ ಹಾಕಿ, ಚಿಕ್ಕಿಯ ಕಿವಿ ಜೇಬು ಬಿಡಿಸಿದರು. ಬಲಗಿವಿಯಲ್ಲಿ ಒಂದಿತ್ತು, ಎಳ್ಳಿನಷ್ಟು. ಮನೆಗೆ ಬಂದು ಸೊನ್ನೆ ಹೊಡೆದು 1 ಬರೆದೆ.