ಶಾಲೆಗಳಿಗಾಗಿ ತೆರಿಗೆ ಏರಿಕೆ: ಉದ್ಯಮ ಮುಖಂಡರ ಹೇಳಿಕೆಗಳನ್ನು ತೂಗಿ ನೋಡುವ ಬಗೆ

ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಸಾರ್ವಜನಿಕ ಶಾಲೆಗಳಿಗಾಗಿ ತೆರಿಗೆ ಏರಿಸುವ ಪ್ರಸ್ತಾವ ಮತಪತ್ರದ ಮೇಲೆ ಬಂತೆಂದರೆ, ಅದರ ಹಿಂದೆಯೇ ‘ಉದ್ಯಮ ವಲಯದ ವಿರೋಧ’ ಎಂದೋ ‘ಉದ್ಯಮಿಗಳ ಬೆಂಬಲ’ ಎಂದೋ ಒಂದು ಸುದ್ದಿ ಬರುತ್ತದೆ. ಮತ ಹಾಕಬೇಕಾದವರಿಗೆ ಇಂಥ ತಲೆಬರಹದಿಂದ ಆಗುವ ಉಪಯೋಗ ಬಹಳ ಕಡಿಮೆ. ಉದ್ಯಮಿಗಳೆಲ್ಲರೂ ಒಂದೇ ತೆರಿಗೆಯನ್ನು ಕಟ್ಟುವುದಿಲ್ಲವಾದ್ದರಿಂದ ಅವರೆಲ್ಲರ ಅಭಿಪ್ರಾಯವೂ ಒಂದೇ ಆಗಿರಲು ಸಾಧ್ಯವಿಲ್ಲ. ಅಲ್ಲಿನ ಶಾಲೆಗಳ ವೆಚ್ಚದಲ್ಲಿ ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಉಳಿದ ಹಣವನ್ನು ರಾಜ್ಯವೂ ಸ್ಥಳೀಯ ಶಾಲಾ ಜಿಲ್ಲೆಯೂ ಹೊಂದಿಸಬೇಕಾಗಿರುವುದರಿಂದ ಈ ಜಗಳ ಮತ್ತೆ ಮತ್ತೆ ಮತದಾರರ ಬಾಗಿಲಿಗೇ ಬರುತ್ತದೆ. ಹಾಗೆ ಬಂದಾಗ ಉದ್ಯಮ ಮುಖಂಡರ ಮಾತನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಹೇಳಿಕೆಗಳನ್ನು ಬದಿಗಿಟ್ಟು ಪ್ರಸ್ತಾವದ ಮೂಲ ಪಠ್ಯವನ್ನೇ ಓದಬೇಕು. ಏರುವುದು ಮಾರಾಟ ತೆರಿಗೆಯೋ, ಆದಾಯ ತೆರಿಗೆಯೋ, ಆಸ್ತಿ ತೆರಿಗೆಯೋ ಅಥವಾ ಕಂಪನಿಗಳ ಒಟ್ಟು ವಹಿವಾಟಿನ ಮೇಲಿನ ತೆರಿಗೆಯೋ, ಅದು ಯಾವ ಮಿತಿಯ ಮೇಲೆ ಅನ್ವಯವಾಗುತ್ತದೆ, ಎಷ್ಟು ವರ್ಷ ಇರುತ್ತದೆ, ಹಣ ಯಾವ ನಿಧಿಗೆ ಸೇರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡ ಮೇಲೆ, ಯಾರು ಪರ, ಯಾರು ವಿರೋಧ ಎಂಬುದನ್ನು ಬಹುಮಟ್ಟಿಗೆ ಓದುಗರೇ ಊಹಿಸಬಹುದು. ಅರಿಜೋನಾ ಇದಕ್ಕೆ ಒಳ್ಳೆಯ ಉದಾಹರಣೆ. 2000ದಲ್ಲಿ ಅಲ್ಲಿನ ಮತದಾರರು 301ನೆಯ ಪ್ರಸ್ತಾವದ ಮೂಲಕ ಶಿಕ್ಷಣಕ್ಕಾಗಿ ಶೇ. 0.6ರ ಮಾರಾಟ ತೆರಿಗೆಯನ್ನು ಒಪ್ಪಿದರು. ಇಪ್ಪತ್ತು ವರ್ಷದ ಅವಧಿ ಮುಗಿಯುವ ಮೊದಲೇ, 2018ರಲ್ಲಿ, ಶಾಸಕಾಂಗ ಅದನ್ನು 2041ರವರೆಗೆ ವಿಸ್ತರಿಸಿತು. ಆ ತೆರಿಗೆಯ ಬೆನ್ನಿಗೆ ಉದ್ಯಮ ವಲಯದವರೂ ನಿಂತಿದ್ದರು. ಆದರೆ 2020ರಲ್ಲಿ, ಒಬ್ಬ ವ್ಯಕ್ತಿಯ 2,50,000 ಡಾಲರ್ ಮೀರಿದ ಆದಾಯದ ಮೇಲೆ ಶೇ. 3.5ರ ಹೆಚ್ಚುವರಿ ತೆರಿಗೆ ವಿಧಿಸುವ 208ನೆಯ ಪ್ರಸ್ತಾವ ಬಂದಾಗ ರಾಜ್ಯದ ವಾಣಿಜ್ಯ ಮಂಡಳಿ ಅದನ್ನು ಬಲವಾಗಿ ವಿರೋಧಿಸಿತು. ಎರಡೂ ಶಾಲೆಗಳಿಗಾಗಿಯೇ ಇದ್ದ ತೆರಿಗೆಗಳು. ಮಾರಾಟ ತೆರಿಗೆಯನ್ನು ಅಂಗಡಿಯವರು ಗಿರಾಕಿಯಿಂದ ವಸೂಲು ಮಾಡಿ ಕಟ್ಟುತ್ತಾರೆ, ಆದಾಯದ ಮೇಲಿನ ಹೆಚ್ಚುವರಿ ತೆರಿಗೆಯನ್ನು ಮಾಲೀಕರು ತಮ್ಮ ಜೇಬಿನಿಂದ ಕಟ್ಟುತ್ತಾರೆ; ನಿಲುವು ಬದಲಾದದ್ದಕ್ಕೆ ಶಿಕ್ಷಣದ ಬಗೆಗಿನ ಅಭಿಪ್ರಾಯಕ್ಕಿಂತ ಈ ವ್ಯತ್ಯಾಸವೇ ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ.

ಪ್ರಸ್ತಾವ ಆಸ್ತಿ ತೆರಿಗೆಯದಾದರೆ ಲೆಕ್ಕವನ್ನು ಸ್ವತಃ ಹಾಕಿ ನೋಡುವುದು ಕಷ್ಟವಲ್ಲ. ಶಾಲಾ ಜಿಲ್ಲೆಗಳು ದರವನ್ನು ‘ಮಿಲ್’ ಎಂಬ ಅಳತೆಯಲ್ಲಿ ಹೇಳುತ್ತವೆ. ತೆರಿಗೆಗೆ ಹಿಡಿದ ಮೌಲ್ಯದ ಪ್ರತಿ 1,000 ಡಾಲರಿಗೆ 1 ಡಾಲರ್ ಎಂದರೆ ಒಂದು ಮಿಲ್. ಇಲ್ಲಿ ಗಮನಿಸಬೇಕಾದದ್ದು ‘ತೆರಿಗೆಗೆ ಹಿಡಿದ ಮೌಲ್ಯ’ ಎಂಬ ಮಾತನ್ನು. ಅದು ಮಾರುಕಟ್ಟೆ ಬೆಲೆಯೇ ಆಗಿರಬೇಕಿಲ್ಲ. ಮನೆಗೆ ಒಂದು ಪ್ರಮಾಣ, ವಾಣಿಜ್ಯ ಕಟ್ಟಡಕ್ಕೆ ಇನ್ನೊಂದು ಪ್ರಮಾಣ ಇರಬಹುದು. ಕೊಲೊರಾಡೊದಲ್ಲಿ 1982ರ ಒಂದು ಸಂವಿಧಾನ ತಿದ್ದುಪಡಿಯ ಪರಿಣಾಮವಾಗಿ, 2020ರಲ್ಲಿ ಮತದಾರರು ಅದನ್ನು ರದ್ದುಪಡಿಸುವ ಹೊತ್ತಿಗೆ, ಮನೆಯ ಬೆಲೆಯಲ್ಲಿ ಶೇ. 7.15ರಷ್ಟನ್ನು ಮಾತ್ರ ತೆರಿಗೆಗೆ ಹಿಡಿಯುತ್ತಿದ್ದರೆ ಅಂಗಡಿ, ಕಚೇರಿ, ಗೋದಾಮುಗಳ ಬೆಲೆಯಲ್ಲಿ ಶೇ. 29ರಷ್ಟನ್ನು ಹಿಡಿಯುತ್ತಿದ್ದರು. ಹತ್ತು ಲಕ್ಷ ಡಾಲರ್ ಬೆಲೆಯ ಮನೆಗೆ ಹತ್ತು ಮಿಲ್ ಏರಿಕೆಯಿಂದ 715 ಡಾಲರ್ ಹೆಚ್ಚಿದರೆ, ಅದೇ ಬೆಲೆಯ ಅಂಗಡಿಗೆ 2,900 ಡಾಲರ್ ಹೆಚ್ಚುತ್ತಿತ್ತು. ಅಂಥ ಕಡೆ ಅಂಗಡಿಯವರು ಗೊಣಗಿದರೆ ಅದನ್ನು ಬರೀ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಟ್ಟಡದ ಒಡೆತನವಿಲ್ಲದ ವ್ಯಾಪಾರಿಗೂ ಇದರ ಬಿಸಿ ತಟ್ಟುತ್ತದೆ, ಏಕೆಂದರೆ ಬಾಡಿಗೆಯ ಜೊತೆಗೆ ಆಸ್ತಿ ತೆರಿಗೆ, ವಿಮೆ, ನಿರ್ವಹಣೆ ಮೂರನ್ನೂ ಬಾಡಿಗೆದಾರನೇ ಭರಿಸಬೇಕೆಂಬ ಕರಾರು ಅಮೆರಿಕದ ವಾಣಿಜ್ಯ ಕಟ್ಟಡಗಳಲ್ಲಿ ಸಾಮಾನ್ಯ. ಆದ್ದರಿಂದ ಹೇಳಿಕೆ ಕೊಟ್ಟವರು ಕಟ್ಟಡದ ಮಾಲೀಕರೋ ಬಾಡಿಗೆದಾರರೋ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಆದಾಯದ ಮೇಲಿನ ಹೆಚ್ಚುವರಿ ತೆರಿಗೆಯಾದರೆ ‘ಇದು ಸಣ್ಣ ಉದ್ದಿಮೆಗಳ ಮೇಲಿನ ಹೊಡೆತ’ ಎಂಬ ವಾದ ಖಂಡಿತ ಕೇಳಿಬರುತ್ತದೆ. ಈ ವಾದದಲ್ಲಿ ಅರ್ಧ ನಿಜವಿದೆ. ಅಲ್ಲಿನ ಬಹುಪಾಲು ಉದ್ದಿಮೆಗಳು ಏಕವ್ಯಕ್ತಿ ಒಡೆತನದವು, ಪಾಲುದಾರಿಕೆಗಳು ಅಥವಾ ಅವುಗಳಂಥವೇ ಆದ ಸಣ್ಣ ಕಂಪನಿಗಳಾಗಿದ್ದು, ಅವುಗಳ ಲಾಭ ಮಾಲೀಕರ ವೈಯಕ್ತಿಕ ತೆರಿಗೆ ಲೆಕ್ಕದಲ್ಲೇ ಸೇರುವುದರಿಂದ ವ್ಯಕ್ತಿಯ ಆದಾಯದ ಮೇಲಿನ ತೆರಿಗೆ ಉದ್ದಿಮೆಯ ಮೇಲೂ ಬಿದ್ದಂತಾಗುತ್ತದೆ. ಆದರೆ ತೆರಿಗೆ ಬೀಳುವುದು ಲಾಭದ ಮೇಲೆ, ಅದೂ ಮಿತಿಯನ್ನು ದಾಟಿದ ಭಾಗದ ಮೇಲೆ ಮಾತ್ರ. ಇಪ್ಪತ್ತು ಲಕ್ಷ ಡಾಲರ್ ವಹಿವಾಟು ನಡೆಸಿ ಒಂದು ಲಕ್ಷ ಡಾಲರ್ ಉಳಿಸಿಕೊಳ್ಳುವ ಬೇಕರಿಯ ಮಾಲೀಕರನ್ನು ಅರಿಜೋನಾದ ತೆರಿಗೆ ಮುಟ್ಟುತ್ತಿರಲಿಲ್ಲ. ವಾದ ಮಾಡುವವರು ವಹಿವಾಟಿನ ಅಂಕಿಯನ್ನು ಕೊಡುತ್ತಿದ್ದಾರೋ ಲಾಭದ ಅಂಕಿಯನ್ನು ಕೊಡುತ್ತಿದ್ದಾರೋ ಎಂದು ನೋಡಿದರೆ ಸಾಕು, ಎಷ್ಟೋ ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಒಟ್ಟು ವಹಿವಾಟಿನ ಮೇಲಿನ ತೆರಿಗೆಯ ವಿಷಯದಲ್ಲಿ ಮಾತ್ರ ಉದ್ಯಮಿಗಳ ಆಕ್ಷೇಪಕ್ಕೆ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ. ನೂರು ಡಾಲರ್ ಮಾರಿದರೆ ಎರಡು ಡಾಲರ್ ಉಳಿಯುವ ಉದ್ದಿಮೆಗೂ, ಮೂವತ್ತು ಡಾಲರ್ ಉಳಿಯುವ ಉದ್ದಿಮೆಗೂ ಅಲ್ಲಿ ಒಂದೇ ದರ ಬೀಳುವ ಅಪಾಯವಿರುತ್ತದೆ. ನಷ್ಟವಾದ ವರ್ಷದಲ್ಲೂ ತೆರಿಗೆ ಕಟ್ಟಬೇಕಾಗುತ್ತದೆ. ಆರೆಗನ್ ರಾಜ್ಯದ ಎರಡು ಪ್ರಯತ್ನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 2016ರ 97ನೆಯ ಪ್ರಸ್ತಾವ, ರಾಜ್ಯದೊಳಗೆ 2.5 ಕೋಟಿ ಡಾಲರ್ ಮೀರಿ ಮಾರಾಟ ಮಾಡುವ ದೊಡ್ಡ ನಿಗಮಗಳ ಮೇಲೆ, ಆ ಮಿತಿ ದಾಟಿದ ಮಾರಾಟಕ್ಕೆ ಶೇ. 2.5ರ ತೆರಿಗೆ ವಿಧಿಸುವಂತಿತ್ತು. ಉದ್ಯಮಗಳು ಒಟ್ಟಾಗಿ ಹಣ ಸುರಿದವು, ‘ಬೆಲೆ ಏರುತ್ತದೆ’ ಎಂದವು, ಪ್ರಸ್ತಾವ ಸೋತಿತು. 2019ರಲ್ಲಿ ಶಾಸಕಾಂಗ ಇದೇ ಜಾತಿಯ ಇನ್ನೊಂದು ತೆರಿಗೆಯನ್ನು ಶಾಲೆಗಳಿಗಾಗಿ ತಂದಿತು: ಹತ್ತು ಲಕ್ಷ ಡಾಲರ್ ದಾಟಿದ ವಹಿವಾಟಿನ ಮೇಲೆ 250 ಡಾಲರ್ ಮತ್ತು ಶೇ. 0.57, ಆದರೆ ಸಂಬಳದ ವೆಚ್ಚ ಅಥವಾ ಸರಕಿನ ವೆಚ್ಚ, ಇವೆರಡರಲ್ಲಿ ಹೆಚ್ಚಿನದರ ಶೇ. 35ರಷ್ಟನ್ನು ಕಳೆದುಕೊಳ್ಳಲು ಅವಕಾಶ, ದಿನಸಿ ಮಾರಾಟಕ್ಕೂ ವಾಹನ ಇಂಧನಕ್ಕೂ ವಿನಾಯಿತಿ. ದರ ಇಳಿದು, ಕಟ್ಟುವವರ ಸಂಖ್ಯೆ ಹೆಚ್ಚಿ, ತೀರಾ ನೋಯುವ ಜಾಗಗಳನ್ನು ಬಿಟ್ಟುಕೊಟ್ಟಿದ್ದರಿಂದ ಉದ್ಯಮ ವಲಯ ಈ ಸಲ ಒಂದೇ ಗೋಡೆಯಂತೆ ಎದುರು ನಿಲ್ಲಲಿಲ್ಲ. ನೆವಾಡದಲ್ಲೂ ಹೀಗೇ ಆಯಿತು: 2014ರಲ್ಲಿ ಶಿಕ್ಷಣಕ್ಕಾಗಿ ಶೇ. 2ರ ತೆರಿಗೆಯನ್ನು ಐವರು ಮತದಾರರಲ್ಲಿ ಸುಮಾರು ನಾಲ್ವರು ತಿರಸ್ಕರಿಸಿದರು, ಮರುವರ್ಷ ರಿಪಬ್ಲಿಕನ್ ಗವರ್ನರ್ ಬ್ರಯನ್ ಸ್ಯಾಂಡೊವಲ್ ಅವರ ಯೋಜನೆಯಂತೆ 40 ಲಕ್ಷ ಡಾಲರ್ ಮೀರಿದ ವಹಿವಾಟಿಗೆ, ಉದ್ದಿಮೆಯ ಬಗೆಗೆ ತಕ್ಕ ದರಗಳ ತೆರಿಗೆ ಜಾರಿಗೆ ಬಂತು. ಹೀಗಾಗಿ ‘ವಿರೋಧವಿದೆ’ ಎಂದು ಓದಿದ ಕೂಡಲೇ, ಆ ವಿರೋಧ ತೆರಿಗೆಗೋ ಅದರ ಹೊಲಿಗೆಗೋ ಎಂದು ಕೇಳಿಕೊಳ್ಳಬೇಕು. ಹೊಲಿಗೆಗೆ ಮಾತ್ರ ವಿರೋಧವಿರುವವರು ಬದಲಿ ಸೂಚಿಸುತ್ತಾರೆ. ಸೂಚಿಸದೆ ‘ಶಾಲೆಗಳ ಬಗ್ಗೆ ನಮಗೂ ಕಾಳಜಿಯಿದೆ’ ಎಂದಷ್ಟೇ ಹೇಳುವವರನ್ನು ಬೇರೆ ಸಾಲಿಗೆ ಸೇರಿಸಬೇಕಾಗುತ್ತದೆ.

ಇನ್ನು ಮಾತನಾಡುತ್ತಿರುವವರು ಯಾರು ಎಂಬುದು. ವಾಣಿಜ್ಯ ಮಂಡಳಿ ಒಂದು ನಿಲುವು ತೆಗೆದುಕೊಂಡಿತೆಂದರೆ ಅದರ ಆಡಳಿತ ಮಂಡಳಿ ನಿರ್ಣಯ ಅಂಗೀಕರಿಸಿತೆಂದು ಅರ್ಥವೇ ಹೊರತು ಪ್ರತಿಯೊಬ್ಬ ಸದಸ್ಯನೂ ಕೈ ಎತ್ತಿದನೆಂದು ಅರ್ಥವಲ್ಲ. ಒಂದೇ ಮನೆಯೊಳಗೂ ಒಮ್ಮತ ಇರಬೇಕಿಲ್ಲ. ಹೂಡಿಕೆದಾರ ಚಾರ್ಲಿ ಮಂಗರ್ ಅವರ ಮಗಳು ಮಾಲಿ ಮಂಗರ್ 2012ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಗಾಗಿ ಆದಾಯ ತೆರಿಗೆ ಏರಿಸುವ 38ನೆಯ ಪ್ರಸ್ತಾವಕ್ಕೆ ತಮ್ಮ ಹಣ ಹಾಕಿದರು. ಅದೇ ಚುನಾವಣೆಯಲ್ಲಿ ಗವರ್ನರ್ ಜೆರ‍್ರಿ ಬ್ರೌನ್ ಮುಂದಿಟ್ಟಿದ್ದ 30ನೆಯ ತೆರಿಗೆ ಪ್ರಸ್ತಾವವನ್ನು ಸೋಲಿಸಲು ಅವರ ತಮ್ಮ ಚಾರ್ಲ್ಸ್ ಮಂಗರ್ ಹಣ ಸುರಿದರು. ಅಕ್ಕನ ಪ್ರಸ್ತಾವ ಸೋತಿತು, ತಮ್ಮ ವಿರೋಧಿಸಿದ್ದು ಗೆದ್ದಿತು.

ಹಣದ ಜಾಡನ್ನು ಹಿಡಿಯುವುದು ಈ ಕಾರಣಕ್ಕೇ ಹೇಳಿಕೆಗಳನ್ನು ಓದುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಪ್ರಚಾರ ಸಮಿತಿಗಳಿಗೆ ಬಂದ ದೇಣಿಗೆಗಳ ಪಟ್ಟಿಯನ್ನು ರಾಜ್ಯಗಳು ಪ್ರಕಟಿಸುತ್ತವೆ. ಅದರಲ್ಲಿ ದೇಣಿಗೆ ಕೊಟ್ಟವರ ಹೆಸರು, ಮೊತ್ತ, ದಿನಾಂಕ ಇರುತ್ತವೆ. ಕೊಟ್ಟವರ ಜಾಗದಲ್ಲಿ ಕೇಳರಿಯದ ಲಾಭರಹಿತ ಸಂಸ್ಥೆಯೊಂದರ ಹೆಸರಿದ್ದರೆ ಅಲ್ಲಿಗೆ ನಿಲ್ಲದೆ ಮುಂದೆ ಹುಡುಕಬೇಕು. ಮೇಲೆ ಹೇಳಿದ 2012ರ ಚುನಾವಣೆಯಲ್ಲೇ ಅರಿಜೋನಾದ ಒಂದು ಲಾಭರಹಿತ ಸಂಸ್ಥೆಯಿಂದ 1.1 ಕೋಟಿ ಡಾಲರ್ ಬಂದಿತ್ತು. ಕ್ಯಾಲಿಫೋರ್ನಿಯಾದ ನಿಗಾ ಆಯೋಗ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ, ಆ ಹಣ ಬೇರೆ ಸಂಸ್ಥೆಗಳಿಂದ ಕೈ ಬದಲಾಯಿಸುತ್ತ ಬಂದದ್ದೆಂಬುದು ಬಯಲಾಯಿತು. ಹೇಳಿಕೆಗೂ ದೇಣಿಗೆಗೂ ತಾಳೆಯಾಗದಿದ್ದರೆ ನಾನಂತೂ ದೇಣಿಗೆಯನ್ನೇ ನಂಬುತ್ತೇನೆ.

ವಾದಗಳ ಪೈಕಿ ‘ಉದ್ದಿಮೆಗಳು ರಾಜ್ಯ ಬಿಟ್ಟು ಹೋಗುತ್ತವೆ’ ಎಂಬುದನ್ನು ಬೇಗ ಪರೀಕ್ಷಿಸಬಹುದು: ಸ್ಥಳೀಯ ಗಿರಾಕಿಗಳನ್ನು ನಂಬಿದ ಕಟಿಂಗ್ ಅಂಗಡಿ ಗಡಿ ದಾಟಲಾರದು, ದೂರದೂರುಗಳಿಗೆ ಸರಕು ಕಳಿಸುವ ಗೋದಾಮು ದಾಟಬಲ್ಲದು. ಬೆಂಬಲಿಗರ ‘ನುರಿತ ಕೆಲಸಗಾರರು ಸಿಗುತ್ತಾರೆ’ ಎಂಬ ವಾದಕ್ಕೂ ಇಷ್ಟೇ ಎಚ್ಚರ ಬೇಕು, ಏಕೆಂದರೆ ಇಂದು ಒಂದನೆಯ ತರಗತಿಗೆ ಸೇರಿದ ಮಗು ಕೆಲಸಕ್ಕೆ ಬರಲು ಹನ್ನೆರಡು ವರ್ಷವಾದರೂ ಬೇಕು, ತೆರಿಗೆಯ ಅವಧಿ ಅದಕ್ಕೂ ಮುಂಚೆಯೇ ಮುಗಿಯಬಹುದು. ಎಲ್ಲಕ್ಕಿಂತ ಹೆಚ್ಚು ಗಂಭೀರವಾದದ್ದು ‘ಹಣ ತರಗತಿಯನ್ನು ತಲುಪುವುದಿಲ್ಲ’ ಎಂಬ ಆಕ್ಷೇಪ. ಹೊಸ ತೆರಿಗೆಯ ಹಣ ಶಾಲಾ ನಿಧಿಗೆ ಒಂದು ಬಾಗಿಲಿನಿಂದ ಬರುತ್ತಿರುವಾಗಲೇ ಶಾಸಕಾಂಗ ತನ್ನ ಹಳೆಯ ಅನುದಾನವನ್ನು ಇನ್ನೊಂದು ಬಾಗಿಲಿನಿಂದ ಹಿಂತೆಗೆದುಕೊಳ್ಳಬಹುದು. ಇದನ್ನು ತಡೆಯುವ ವಾಕ್ಯ ಪ್ರಸ್ತಾವದಲ್ಲಿದೆಯೇ, ಅಂದರೆ ಹೊಸ ಹಣವು ಇರುವ ಅನುದಾನಕ್ಕೆ ಬದಲಿಯಾಗದೆ ಅದರ ಮೇಲೆ ಸೇರಬೇಕೆಂದು ಬರೆದಿದೆಯೇ ಎಂದು ಹುಡುಕಬೇಕು. ಇಲ್ಲವಾದರೆ ಈ ಆಕ್ಷೇಪ ಎತ್ತಿದ ಉದ್ಯಮಿ ಶಾಲೆಗಳ ಪರವಾಗಿಯೇ ಮಾತನಾಡಿದಂತಾಯಿತು.

ಕಾನೂನಿನ ಆಕ್ಷೇಪಗಳನ್ನು ತಾಂತ್ರಿಕವೆಂದು ಬಿಟ್ಟುಬಿಡಬಾರದು. ಅರಿಜೋನಾದ 208ನೆಯ ಪ್ರಸ್ತಾವ ಮತದಾನದಲ್ಲಿ ಗೆದ್ದರೂ, ಶಾಲಾ ವೆಚ್ಚಕ್ಕೆ ರಾಜ್ಯ ಸಂವಿಧಾನ ಹಾಕಿದ ಮಿತಿಯನ್ನು ಮೀರುತ್ತದೆಂಬ ಕಾರಣಕ್ಕೆ 2022ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ. 4ರ ಹೆಚ್ಚುವರಿ ತೆರಿಗೆ ವಿಧಿಸಿ ಶಿಕ್ಷಣಕ್ಕೂ ಸಾರಿಗೆಗೂ ಕೊಡುವ ಪ್ರಸ್ತಾವವನ್ನು ಉದ್ಯಮ ಮುಖಂಡರು ಪ್ರಶ್ನಿಸಿದಾಗ, ಸಂಬಂಧವಿಲ್ಲದ ವಿಷಯಗಳನ್ನು ಒಂದೇ ನಾಗರಿಕ ಅರ್ಜಿಯಲ್ಲಿ ಸೇರಿಸುವಂತಿಲ್ಲವೆಂದು 2018ರಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯ ಅದನ್ನು ಮತಪತ್ರಕ್ಕೆ ಬರಗೊಡಲಿಲ್ಲ. ಶಾಸಕಾಂಗದ ದಾರಿಯಿಂದ ಮರಳಿ ಬಂದ ಅದೇ ಪ್ರಸ್ತಾವವನ್ನು 2022ರಲ್ಲಿ ಮತದಾರರು ಒಪ್ಪಿದರು.

ಮತದಾನಕ್ಕೆ ಮುನ್ನ ನಡೆಯುವ ಸಾರ್ವಜನಿಕ ಸಭೆಯಲ್ಲಿ ಉದ್ಯಮ ಮುಖಂಡರನ್ನು ನೇರವಾಗಿ ಕೇಳುವ ಅವಕಾಶ ಸಿಕ್ಕರೆ ಎರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಈ ತೆರಿಗೆಯಿಂದ ನಿಮ್ಮ ಸಂಸ್ಥೆ ವರ್ಷಕ್ಕೆ ಎಷ್ಟು ಡಾಲರ್ ಹೆಚ್ಚಾಗಿ ಕಟ್ಟಬೇಕಾಗುತ್ತದೆ ಎಂಬುದು ಒಂದು. ಇಷ್ಟೇ ಹಣವನ್ನು ಶಾಲೆಗಳಿಗೆ ಬೇರೆ ಯಾವ ತೆರಿಗೆಯಿಂದ ತಂದರೆ ನೀವು ಒಪ್ಪುತ್ತೀರಿ, ಅದನ್ನು ಯಾರು ಕಟ್ಟುತ್ತಾರೆ ಎಂಬುದು ಇನ್ನೊಂದು. ಬೆಂಬಲಿಸುವ ಉದ್ಯಮಿಗಳಿಗೂ ಇವೇ ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದಕ್ಕೆ ಅವರ ಉತ್ತರ ‘ಏನೂ ಇಲ್ಲ’ ಎಂದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಬೇಕು.