ಐಸ್ ಬಕೆಟ್ ಕೂಲರ್‌ಗೆ ಯಾವ ಪೈಪು?

ಬಕೆಟ್ಟಿನ ತಣ್ಣೀರಲ್ಲಿ ಪೈಪಿನ ಸುರುಳಿ ಮುಳುಗಿಸಿ, ಬಿಸಿಯಾದ ನೀರನ್ನು ಪಂಪಿನಿಂದ ಅದರೊಳಗೆ ಹರಿಸಿ ತಣಿಸುವುದೇ ಐಸ್ ಬಕೆಟ್ ಕೂಲರ್. ತಾಮ್ರ ತಗೊಳ್ಳಲೋ ಸ್ಟೀಲ್ ತಗೊಳ್ಳಲೋ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕೂ ಮುಂಚೆ ತಿಳಿಯಬೇಕಾದ್ದು ಎರಡಿವೆ: ಪೈಪಿನ ಹೊರಗಡೆ ಇರುವುದು ನೀರೋ ಗಾಳಿಯೋ, ನಿಮ್ಮ ಪಂಪಿಗೆ ಎಷ್ಟು ಕಸುವಿದೆ.

ಮರ, ಅಕ್ರಿಲಿಕ್ ಕತ್ತರಿಸುವ ಯಂತ್ರದ 40 ವ್ಯಾಟಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಟ್ಯೂಬನ್ನು ತಣಿಸಬೇಕು ಎಂದುಕೊಳ್ಳಿ. ಒಳಹೋಗುವ ಕರೆಂಟಿನಲ್ಲಿ ಹತ್ತರಲ್ಲೊಂದು ಪಾಲು ಬೆಳಕಾಗುತ್ತದೆ, ಮಿಕ್ಕಿದ್ದೆಲ್ಲ ಶಾಖ. ಸುಮಾರು 360 ವ್ಯಾಟ್, ಲೆಕ್ಕಕ್ಕೆ 400 ಎಂದಿಟ್ಟುಕೊಳ್ಳಿ, ಹೊರಗೆ ಹಾಕಬೇಕು. 3/8 ಇಂಚಿನ (9.5 ಮಿ.ಮೀ.) ತಾಮ್ರದ ಪೈಪು 10 ಮೀಟರ್ ತಣ್ಣೀರಲ್ಲಿ ಮುಳುಗಿದ್ದರೆ, ಒಳಗಿನ ಮತ್ತು ಹೊರಗಿನ ನೀರಿನ ನಡುವಿನ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಹತ್ತಿರ ಹತ್ತಿರ 100 ವ್ಯಾಟ್ ದಾಟಿಸುತ್ತದೆ. ನಾಲ್ಕೈದು ಡಿಗ್ರಿ ಸಾಕು. ಅದೇ ಸುರುಳಿಯನ್ನು ಫ್ಯಾನ್ ಮುಂದೆ ನೇತುಹಾಕಿ ನೋಡಿ: ಡಿಗ್ರಿಗೆ 10 ವ್ಯಾಟೂ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ನೀರು 70 ದಾಟಬೇಕಾಗುತ್ತದೆ. ಗಾಳಿಯಲ್ಲೇ ತಣಿಸುವುದಾದರೆ ಬರೀ ಪೈಪಿನ ಆಸೆ ಬಿಡಿ, ರೆಕ್ಕೆಗಳಿರುವ ರೇಡಿಯೇಟರ್ ಬೇಕು. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ. ಆದರೆ ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಪೈಪಿನ ಜೊತೆ ಒಂದೇ ನೀರಿಗೆ ಕೂಡಿಸಬೇಡಿ. ಅಲ್ಯೂಮಿನಿಯಂ ಚುಕ್ಕೆ ಚುಕ್ಕೆಯಾಗಿ ತಿಂದುಹೋಗಿ ಸೋರುತ್ತದೆ.

ಯಾಕೆ ಹೀಗೆ? ಶಾಖ ಸಿಕ್ಕಿಕೊಳ್ಳುವುದು ಲೋಹದಲ್ಲಲ್ಲ, ಪೈಪಿಗೆ ಅಂಟಿಕೊಂಡು ನಿಂತ ನೀರಿನ ಅಥವಾ ಗಾಳಿಯ ತೆಳುಪದರದಲ್ಲಿ. ತಾಮ್ರವು ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಿಸುವುದು ನಿಜವೇ, ಆದರೆ 0.7 ಮಿ.ಮೀ. ಗೋಡೆಯಲ್ಲಿ ಅದರ ಲಾಭ ಬೆರಳೆಣಿಕೆಯ ಶೇಕಡಾ ಮಾತ್ರ. ದುಬಾರಿ ಪೈಪಿಗಿಂತ ಬಕೆಟ್ಟಿನ ನೀರು ಕದಡುವ ಇನ್ನೊಂದು ಸಣ್ಣ ಪಂಪು ಹೆಚ್ಚು ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಮಾತ್ರ ಬೇರೆ ಕಥೆ, ಅಲ್ಲಿ ಗೋಡೆಯೇ ಅಡ್ಡಿ. ಗೀಸರ್‌ಗೆ ಹಾಕುವ ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪ್ ನೋಡಿ ಮೋಸಹೋಗಬೇಡಿ, ಅದರ ಹೊಟ್ಟೆಯಲ್ಲಿರುವುದು ರಬ್ಬರು.

ಹಾಗಾದರೆ ತಾಮ್ರ ಏಕೆ? ಕೈಯಲ್ಲೇ ಬಗ್ಗುತ್ತದೆ, ಎ.ಸಿ. ಸಾಮಾನಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಮಜ್ಜಿಗೆ, ನಿಂಬೆ ಪಾನಕದಂಥ ಹುಳಿ ಪಾನೀಯ ಹರಿಸುವುದಾದರೆ, ಮೀನಿನ ತೊಟ್ಟಿಗೆ ಬಳಸುವುದಾದರೆ ತಾಮ್ರ ಬೇಡವೇ ಬೇಡ; 304 ಎಂಬ ದರ್ಜೆಯ ಸ್ಟೀಲ್ ಕೊಳ್ಳಿ. ಉಪ್ಪುನೀರಿನ ತೊಟ್ಟಿಗೆ ಟೈಟಾನಿಯಂ. ಅಯಸ್ಕಾಂತ ಹಿಡಿದು 304 ಪರೀಕ್ಷಿಸುವುದು ವ್ಯರ್ಥ, ಅಗ್ಗದ 202 ಕೂಡ ಅಂಟುವುದಿಲ್ಲ.

ಕೊಳ್ಳುವಾಗ ಮೆದು ಪೈಪು ಕೇಳಿ, ಅಂದರೆ ಸುರುಳಿಯಾಗಿ ಬರುವಂಥದ್ದು. ನೇರ ಕೋಲಿನ ಗಟ್ಟಿ ಪೈಪು ಬಗ್ಗಿಸಿದರೆ ಮುದುಡುತ್ತದೆ. 22 ಗೇಜ್ ಎಂದರೆ 0.71 ಮಿ.ಮೀ. ದಪ್ಪ, 3/8 ಇಂಚಿನದು ಮೀಟರಿಗೆ ಸುಮಾರು 175 ಗ್ರಾಂ ತೂಗಬೇಕು. 10 ಮೀಟರಿಗೆ ಒಂದೂಕಾಲು ಕೆ.ಜಿ. ಬಂದರೆ ಗೋಡೆ ತೆಳು, ಅರ್ಧ ಕೆ.ಜಿ. ಆಸುಪಾಸು ಬಂದರೆ ಅದು ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ. ಅರದಿಂದ ತುದಿಯನ್ನು ಒಮ್ಮೆ ಉಜ್ಜಿ ನೋಡಿ.

ಇನ್ನು ಪಂಪು. ಹೆಚ್ಚಿನವರು ಎಡವುವುದು ಇಲ್ಲೇ. ಏರ್ ಕೂಲರ್ ಪಂಪಿನ ಡಬ್ಬಿಯ ಮೇಲೆ ಗರಿಷ್ಠ ಎತ್ತರ 1.8 ಮೀಟರ್ ಎಂದು ಬರೆದಿದ್ದರೆ, ಆ ಎತ್ತರದಲ್ಲಿ ಹರಿಯುವ ನೀರು ಸೊನ್ನೆ ಎಂದರ್ಥ. 3/8 ಇಂಚಿನ 10 ಮೀಟರ್ ಸುರುಳಿಯಲ್ಲಿ ನಿಮಿಷಕ್ಕೆ 4 ಲೀಟರ್ ನೂಕಲು ಮೂರೂವರೆ ಮೀಟರ್ ಎತ್ತರದ ಒತ್ತಡ ಬೇಕು. ಕಾಲು ಇಂಚಿನದಾದರೆ 2 ಲೀಟರಿಗೇ 10 ಮೀಟರ್ ಎತ್ತರದ ಒತ್ತಡ. ಅಂಥ ಪೈಪಿಗೆ ಕೂಲರ್ ಪಂಪು ಹಾಕಿದರೆ ತೊಟ್ಟಿಕ್ಕುತ್ತದೆ ಅಷ್ಟೇ. ಉಪಾಯ ಸುಲಭ: 3/8 ಇಂಚಿನ 10 ಮೀಟರ್ ಪೈಪನ್ನು 5 ಮೀಟರಿನ ಎರಡು ತುಂಡು ಮಾಡಿ ಎರಡು ಟಿ (ಮೂರು ಬಾಯಿಯ ಜೋಡಣೆ) ಹಾಕಿ ಅಕ್ಕಪಕ್ಕ ಜೋಡಿಸಿ. ಅದೇ 4 ಲೀಟರಿಗೆ ಈಗ ಅರ್ಧ ಮೀಟರ್ ಸಾಕು. ಎರಡೂ ತುಂಡು ಸಮ ಉದ್ದವಿರಲಿ, ಇಲ್ಲದಿದ್ದರೆ ನೀರು ಗಿಡ್ಡದರಲ್ಲೇ ಹೆಚ್ಚು ಓಡುತ್ತದೆ.

ಒಂದನ್ನು 110 ಮಿ.ಮೀ. ಪಿ.ವಿ.ಸಿ. ಪೈಪಿನ ಮೇಲೆ ಸುತ್ತಿ, ಇನ್ನೊಂದನ್ನು 160ರ ಮೇಲೆ. ಮೊದಲನೆಯದಕ್ಕೆ 13 ಸುತ್ತು, ಎರಡನೆಯದಕ್ಕೆ 9 ಬರುತ್ತದೆ. ಒಂದರೊಳಗೊಂದು ಕೂತು 20 ಲೀಟರ್ ಬಕೆಟ್ಟಿಗೆ ಸರಿಹೋಗುತ್ತದೆ. ಸುತ್ತುವ ಮುಂಚೆ ಒಣ ಪುಡಿ ಉಪ್ಪು ತುಂಬಿ ಎರಡೂ ಬಾಯಿ ಟೇಪು ಹಾಕಿ ಮುಚ್ಚಿ, ಮಡಿಕೆ ಬೀಳುವುದಿಲ್ಲ. ಆಮೇಲೆ ನೀರು ಬಿಟ್ಟರೆ ಉಪ್ಪು ಕರಗಿ ಹೋಗುತ್ತದೆ. ಸುತ್ತುಗಳ ನಡುವೆ ಒಂದು ಬೆರಳಷ್ಟು ಸಂದಿರಲಿ. ನುಣುಪು ತಾಮ್ರದಿಂದ ಹೋಸು ಜಾರುತ್ತದೆ, ಆದ್ದರಿಂದ ತುದಿಯನ್ನು ಫ್ಲೇರಿಂಗ್ ಟೂಲಿನಿಂದ ಸ್ವಲ್ಪವೇ ಅರಳಿಸಿ, 8 ಮಿ.ಮೀ. ಸಿಲಿಕಾನ್ ಹೋಸನ್ನು ಬಿಸಿನೀರಲ್ಲಿ ಅದ್ದಿ ತೂರಿಸಿ, ಕ್ಲಿಪ್ ಬಿಗಿಯಿರಿ. ಒಂದು ಬಾಯಿ ಮುಚ್ಚಿ ಇನ್ನೊಂದರಿಂದ ಸೈಕಲ್ ಪಂಪು ಹೊಡೆದು ನೀರಲ್ಲಿ ಮುಳುಗಿಸಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ.

ಲೇಸರ್ ಟ್ಯೂಬಿನೊಳಗೆ ಓಡುವ ನೀರು ಡಿಸ್ಟಿಲ್ಡ್ ಆಗಿರಲಿ. ಕಾರಿನ ಕೂಲಂಟ್ ಕರೆಂಟ್ ಹರಿಸುತ್ತದೆ, ಬೋರ್‌ವೆಲ್ ನೀರು ಕರೆಂಟ್ ಹರಿಸುವುದರ ಜೊತೆಗೆ ಬಿಳಿ ಪದರವನ್ನೂ ಕಟ್ಟುತ್ತದೆ. ಪದರ ಕಟ್ಟಿದ್ದರೆ ಸುರುಳಿಯನ್ನು ಟ್ಯೂಬಿನಿಂದ ಬಿಡಿಸಿ, ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬೆಚ್ಚನೆ ನೀರು ಅರ್ಧ ಗಂಟೆ ಹರಿಸಿ ತೊಳೆಯಿರಿ.

400 ವ್ಯಾಟಿಗೆ ಗಂಟೆಗೆ ನಾಲ್ಕೂಕಾಲು ಕೆ.ಜಿ. ಐಸ್ ಕರಗುತ್ತದೆ, ಅಂದರೆ ಫ್ರೀಜರಿನಲ್ಲಿ ಗಟ್ಟಿಯಾದ ಒಂದು ಲೀಟರಿನ ನಾಲ್ಕೈದು ಬಾಟಲಿ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಮಳೆಗಾಲದ ಬೆಂಗಳೂರಿನಲ್ಲಿ 24 ಡಿಗ್ರಿಗೆ 80 ಶೇಕಡಾ ತೇವವಿದ್ದರೆ, 20 ಡಿಗ್ರಿಗಿಂತ ತಣ್ಣಗಿನ ಯಾವುದರ ಮೇಲೂ ಬೆವರು ಕೂರುತ್ತದೆ. ಟ್ಯೂಬಿನ ಹೈ ವೋಲ್ಟೇಜ್ ತುದಿಯಲ್ಲಿ ಬೆವರಿದರೆ ಕಿಡಿ ಹಾರುತ್ತದೆ. ಟ್ಯೂಬಿಗೆ ಹೋಗುವ ನೀರು 21–22 ಡಿಗ್ರಿಯಲ್ಲಿ ನಿಲ್ಲುವಂತೆ ಬಾಟಲಿಗಳನ್ನು ಒಂದೊಂದಾಗಿ ಇಳಿಸಿ.