ಮಾತು ತಡವಾದರೆ ಅಲ್ಲಿವರೆಗೆ ಕೈ ಮಾತಾಡಲಿ

ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಒಂದೂವರೆ ವರ್ಷವಿದ್ದಾಗ ಸುಮ್‌ಸುಮ್ನೆ ಕಿರುಚುತ್ತಿದ್ದಳು. ಹಠ ಅಂದುಕೊಂಡಿದ್ದೆವು. ಹಠ ಅಲ್ಲ, ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ.

ಈ ಮಕ್ಕಳಲ್ಲಿ ಇದು ಸಾಮಾನ್ಯ. ನಾವು ಆಡಿದ್ದು ಜಾಸ್ತಿ ಅರ್ಥವಾಗುತ್ತದೆ, ತಿರುಗಿ ಹೇಳೋದು ಕಷ್ಟ. ಡೌನ್ ಸಿಂಡ್ರೋಮ್ ಅಂದರೆ ಜೀವಕೋಶದಲ್ಲಿರುವ 21ನೇ ಕ್ರೋಮೋಸೋಮ್ (ವಂಶವಾಹಿಗಳ ಎಳೆ) ಎರಡು ಇರಬೇಕಾದ ಕಡೆ ಮೂರು ಇರೋದು. ಅದರಿಂದ ಮೈಯ ಸ್ನಾಯುಗಳ ಬಿಗಿ ಕಡಿಮೆ, ನಾಲಿಗೆ ತುಟಿಗಳದ್ದೂ ಅದೇ ಕಥೆ. ಮೊದಲ ಮಾತು ಎರಡು ಮೂರು ವರ್ಷಕ್ಕೆ ಬರಬಹುದು, ಇನ್ನೂ ತಡವೂ ಆಗಬಹುದು.

ಮೊದಲು ಕಿವಿ ತೋರಿಸಿ. ಕಿವಿಯ ದಾರಿ ಕಿರಿದು, ತಮಟೆಯ ಹಿಂದೆ ಎಷ್ಟೋ ಸಲ ನೀರು ನಿಂತುಕೊಳ್ಳುತ್ತದೆ. ಹೆಚ್ಚಾಗಿ ನೋವೂ ಇರಲ್ಲ, ಜ್ವರವೂ ಇರಲ್ಲ, ಮಗುವಿಗೆ ಮಾತ್ರ ಎಲ್ಲ ಮಸುಕಾಗಿ ಕೇಳಿಸುತ್ತಿರುತ್ತದೆ. ಹಾಗಾಗಿ ಚಿಕ್ಕವರಿರುವಾಗ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಸನ್ನೆ. ಮೂರೇ ಮೂರರಿಂದ ಶುರು ಮಾಡಿ. ನಾನು ಮೊದಲು ಕಲಿಸಲು ಹೋಗಿದ್ದು ಕೈ ಮುಗಿಯೋದನ್ನ. ಬಂದವರಿಗೆ ಖುಷಿ, ಅವಳಿಗೇನು ಲಾಭ? ಮಗುವಿಗೆ ಬೇಕಾದ್ದನ್ನೇ ಆರಿಸಿ: ಇನ್ನೂ ಬೇಕು, ಸಾಕು, ಎತ್ಕೋ. ಮಗುವಿನ ಮುಖದ ಮಟ್ಟಕ್ಕೆ ಕೂತು, ಮಾತು ಮತ್ತು ಸನ್ನೆ ಒಟ್ಟಿಗೆ ಮಾಡಿ. ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು, ಅಜ್ಜಿ ಒಂದು ಅಪ್ಪ ಇನ್ನೊಂದು ಅಂದರೆ ಕೆಟ್ಟಿತು.

ಎಲ್ಲಕ್ಕಿಂತ ಕಷ್ಟದ ಕೆಲಸ ಕಾಯೋದು, ಮತ್ತು ಅದು ಮಗುವಿಗಲ್ಲ, ನಮಗೆ. ಲೋಟಕ್ಕೆ ಒಂದೇ ಗುಟುಕು ನೀರು ಹಾಕಿ ಕೊಡುತ್ತಿದ್ದೆ. ಕುಡಿದು ಲೋಟ ಮುಂದೆ ಹಿಡಿಯುತ್ತಿದ್ದಳು. ಮೊದಲೆಲ್ಲ ತಕ್ಷಣ ಸುರಿದುಬಿಡುತ್ತಿದ್ದೆ. ಆಮೇಲೆ "ಇನ್ನೂ ಬೇಕಾ?" ಅಂತ ಒಮ್ಮೆ ಕೇಳಿ, ಸನ್ನೆ ತೋರಿಸಿ, ಬಾಯಿ ಮುಚ್ಚಿಕೊಂಡು ಮನಸ್ಸಲ್ಲೇ ಹತ್ತರವರೆಗೆ ಎಣಿಸೋದನ್ನ ಕಲಿತೆ. ಐದಕ್ಕೆ ಲೋಟ ನೋಡಿದಳು, ಏಳಕ್ಕೆ ನನ್ನ ಮುಖ ನೋಡಿದಳು, ಒಂಬತ್ತಕ್ಕೆ ಎರಡೂ ಕೈಯ ಬೆರಳು ತಂದು ಒಂದಕ್ಕೊಂದು ತಾಗಿಸಿದಳು, ಅದೇ "ಇನ್ನೂ ಬೇಕು" ಸನ್ನೆ. ಮಧ್ಯದಲ್ಲಿ ಮತ್ತೆ ಕೇಳಿದ್ದರೆ ಅವಳ ಲೆಕ್ಕ ಮೊದಲಿಂದ ಶುರುವಾಗುತ್ತಿತ್ತು. ಹತ್ತಾದರೂ ಏನೂ ಬರದಿದ್ದರೆ ನೀವೇ ಸನ್ನೆ ಮಾಡಿ ನೀರು ಕೊಡಿ. ಬಾಯಾರಿದ ಮಗುವನ್ನ ಸತಾಯಿಸಬೇಡಿ.

ಸನ್ನೆ ಕಲಿಸಿದರೆ ಮಾತೇ ಬರಲ್ಲ ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಹಾಗೇನಿಲ್ಲ. ಮಾತು ಬಂದ ಹಾಗೆ ಮಕ್ಕಳೇ ಸನ್ನೆ ಬಿಡುತ್ತಾರೆ, ಬಾಯಲ್ಲಿ ಹೇಳೋದು ಸುಲಭ ಅಲ್ವಾ.

ಕೇಳಿದ್ದಕ್ಕಿಂತ ನೋಡಿದ್ದು ಇವರಿಗೆ ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ ಚಪ್ಪಲಿ, ಹಾಸಿಗೆ, ಬಕೆಟ್ ಇವುಗಳ ಫೋಟೋ ತೆಗೆದು ಗೋಡೆಗೆ ಮಗುವಿನ ಎತ್ತರದಲ್ಲಿ ಅಂಟಿಸಿ. ಬೊಂಬೆ ಚಿತ್ರಕ್ಕಿಂತ ನಿಮ್ಮ ಮನೆಯದೇ ಫೋಟೋ ವಾಸಿ. ಮಾತು ಬರಲಿ ಅಂತ ಪೀಪಿ ಊದಿಸೋದು, ಗುಳ್ಳೆ ಊದಿಸೋದು ಮಾಡುತ್ತಾರೆ, ಅದು ಆಟಕ್ಕೆ ಇರಲಿ, ಆದರೆ ಮಾತು ಬರೋದು ಮಾತಾಡಿಯೇ ಅನ್ನೋದು ನನ್ನ ಅಭಿಪ್ರಾಯ. ಸ್ಪೀಚ್ ಥೆರಪಿಗೆ ಹೋದಾಗ ಹೊರಗೆ ಕಾಯಬೇಡಿ. ಒಳಗೆ ಕೂತು ನೋಡಿ, ಮನೇಲಿ ದಿನವಿಡೀ ಮಾಡಿಸಬೇಕಾದವರು ನೀವೇ.

ಮೊದಲು ಬರೋದು ಅರ್ಧಂಬರ್ಧ ಪದ. ನಮ್ಮವಳು "ನೀ" ಅಂದಳು. ತಿದ್ದಲು ಹೋಗಬೇಡಿ. "ಹೂಂ, ನೀರು" ಅಂತ ಪೂರ್ತಿ ಹೇಳಿ, ಲೋಟ ಕೊಟ್ಟುಬಿಡಿ.